ಜರಿಗಿಡದ ಎಲೆ ಮುರುಟುವುದೇಕೆ?

ಪ್ರಶ್ನೆ: ನರ್ಸರಿಯಿಂದ ತಂದ ಮೇಡನ್‌ಹೇರ್ ಜರಿಗಿಡದ ಎಲೆಗಳು ಕಂದಾಗಿ ಮುರುಟುತ್ತಿವೆ. ಎಲೆಯಡಿ ಕಂದು ಗುರುತುಗಳೂ ಇವೆ. ಔಷಧಿ ಹೊಡೆಯಬೇಕೇ?

ಉತ್ತರ: ದಯವಿಟ್ಟು ಬೇಡ. ಎಲೆ ತಿರುವಿ ನೋಡಿ. ಅಂಚು ಒಳಕ್ಕೆ ಮಡಚಿಕೊಂಡಿರುವಲ್ಲೇ ಆ ಗುರುತುಗಳು ಸಾಲಾಗಿದ್ದರೆ ಅದು ರೋಗವಲ್ಲ, ಹುಳುವಿನ ಕಾಟವೂ ಅಲ್ಲ, ಬೀಜಕಗಳ ಗೂಡು. ಹೂವು, ಬೀಜ ಇಲ್ಲದ ಜರಿಗಿಡದ ಸಂತಾನ ಬೆಳೆಯುವುದು ಈ ಧೂಳಿನಂಥ ಬೀಜಕಗಳಿಂದ.

ಮುರುಟಲು ಸಾಮಾನ್ಯ ಕಾರಣ ಒಣಗಾಳಿ ಇಲ್ಲವೇ ಒಣಮಣ್ಣು. ಮಲೆನಾಡಿನಲ್ಲಿ ಇದರ ಬಳಗದ ಗಿಡಗಳು ತೊರೆಬದಿಯ ಬಂಡೆ, ಹಳೇ ಬಾವಿಯ ಕಲ್ಲುಸಂದುಗಳಲ್ಲಿ ಬೆಳೆಯುತ್ತವೆ. ಅಲ್ಲಿ ನೀರು ಜಿನುಗುತ್ತದೆ, ಬೇರಿನಲ್ಲಿ ನಿಲ್ಲುವುದಿಲ್ಲ. ಕುಂಡದಲ್ಲೂ ಹಾಗೇ ಇರಬೇಕು. ಎಲೆಗೊಬ್ಬರ, ತೆಂಗಿನ ನಾರಿನ ಪುಡಿ, ಒಂದಿಷ್ಟು ಇದ್ದಿಲ ಚೂರು ಬೆರೆಸಿ. ಬೆರಳಿಟ್ಟಾಗ ಮಣ್ಣು ತಂಪಾಗಿರಲಿ, ಕೆಸರಾಗದಿರಲಿ.

ಎಲೆಗೆ ನೀರು ಚಿಮುಕಿಸಿ ಹೆಚ್ಚು ಪ್ರಯೋಜನವಿಲ್ಲ. ಹನಿ ಅಂಟದೆ ಜಾರಿಬಿಡುತ್ತದೆ. ಫ್ಯಾನ್, ಎ.ಸಿ. ಗಾಳಿ ತಪ್ಪಿಸಿ, ಬೆಳಕಿರುವ ಬಚ್ಚಲುಮನೆಯ ಕಿಟಕಿಯ ಬಳಿ ಇಡುವುದೇ ಲೇಸು. ನೇರ ಬಿಸಿಲು ಬೇಡ, ಹಾಗೆಂದು ಕತ್ತಲ ಮೂಲೆಯೂ ಒಗ್ಗದು. ಗೊಬ್ಬರವನ್ನು ಬಹಳ ತೆಳುವಾಗಿ ಕೊಡಿ.

ಒಣಗಿದ ಎಲೆ ಮತ್ತೆ ಹಸಿರಾಗುವುದಿಲ್ಲ. ಆದರೆ ಗಿಡ ಎಸೆಯಬೇಡಿ. ಕಡ್ಡಿಗಳನ್ನು ಬುಡದವರೆಗೆ ಕತ್ತರಿಸಿ, ಮಣ್ಣಿನ ಪಸೆ ಆರದಂತೆ ನೋಡಿಕೊಳ್ಳಿ. ಬೇರುಕಾಂಡ ಜೀವಂತವಾಗಿದ್ದರೆ ಕೆಲವೇ ವಾರಗಳಲ್ಲಿ ಸುರುಳಿ ಸುತ್ತಿದ ಹೊಸ ಚಿಗುರು ಏಳುತ್ತದೆ.