ಪೆಟ್ಟಿಗೆಯಲ್ಲಿ ಹಾವು, ಫ್ರಿಜ್ಜಿನಲ್ಲಿ ಇಲಿ

ನಾಯಿಮರಿ ಬೇಕೆಂದು ಹಟ ಹಿಡಿದ ಮಗುವಿಗೆ ಏನು ಹೇಳಬೇಕೆಂದು ಅಪ್ಪ ಅಮ್ಮಂದಿರಿಗೆ ಗೊತ್ತು. ಮೊಲ, ಬೆಕ್ಕು, ಬಣ್ಣದ ಮೀನು ಎಂದರೂ ಉತ್ತರ ಸಿದ್ಧವಾಗಿರುತ್ತದೆ. ಆದರೆ ನಾಲ್ಕನೇ ತರಗತಿಯ ಮಗಳು ಊಟದ ಹೊತ್ತಿಗೆ ತಟ್ಟೆಯ ಮುಂದೆ ಕುಳಿತು 'ಅಪ್ಪಾ, ಒಂದು ಸಣ್ಣ ಹಾವು ಸಾಕೋಣ' ಎಂದರೆ? ಬೈದು ಸುಮ್ಮನಾಗಿಸಬಹುದು. ಆದರೆ ಆ ಪ್ರಶ್ನೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ತನ್ನದೇ ವಯಸ್ಸಿನ ಮಕ್ಕಳು ಕೊರಳಿಗೆ ಹಾವು ಸುತ್ತಿಕೊಂಡು ನಗುವುದನ್ನು ಅವಳು ನೋಡಿದ್ದಾಳೆ. ಅವರಿಗೆ ಆಗುವುದು ನಮಗೇಕೆ ಆಗದು ಎಂಬ ಅವಳ ಅನುಮಾನ ನ್ಯಾಯವಾದದ್ದೇ.

ಅಮೆರಿಕ, ಇಂಗ್ಲೆಂಡಿನ ಮನೆಗಳಲ್ಲಿ ಹೀಗೆ ಸಾಕುವ ಹಾವುಗಳಲ್ಲಿ ತುಂಬ ಹೆಸರಾದದ್ದು 'ಕಾರ್ನ್ ಸ್ನೇಕ್'. ಕನ್ನಡದಲ್ಲಿ ಜೋಳದ ಹಾವು ಎನ್ನೋಣ. ಅದರ ತವರು ಅಮೆರಿಕದ ಆಗ್ನೇಯ ಭಾಗ. ಫ್ಲಾರಿಡಾ, ಜಾರ್ಜಿಯಾ, ಕೆರೊಲಿನಾಗಳ ಪೈನ್ ಕಾಡು, ಹೊಲಗದ್ದೆ. ಮೆಕ್ಕೆಜೋಳ ತುಂಬಿಟ್ಟ ಕಣಜಗಳ ಸುತ್ತ ಇಲಿ ಹುಡುಕುತ್ತಾ ಸುಳಿದಾಡುವುದರಿಂದ ಈ ಹೆಸರು ಬಂತೆಂದು ಕೆಲವರು ಹೇಳುತ್ತಾರೆ. ಹೊಟ್ಟೆಯ ಮೇಲಿನ ಕಪ್ಪುಬಿಳಿ ಚೌಕಗಳು ಜೋಳದ ತೆನೆಯ ಕಾಳುಗಳಂತಿವೆ, ಅದಕ್ಕೇ ಆ ಹೆಸರು ಎನ್ನುವವರೂ ಇದ್ದಾರೆ. 1766ರಲ್ಲೇ ಲಿನ್ನೇಯಸ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟ. ನಮ್ಮ ಕೇರೆಹಾವಿಗೆ ದೂರದ ನೆಂಟ, ವಿಷವಿಲ್ಲ. ಮೊಟ್ಟೆಯೊಡೆದು ಬಂದ ಮರಿ ಒಂದಡಿಯ ಆಸುಪಾಸು, ಪೆನ್ಸಿಲಿನಷ್ಟು ದಪ್ಪ. ಬೆಳೆದಾಗ ನಾಲ್ಕೈದು ಅಡಿ.

ಇದನ್ನು ಸಾಕುವುದು ಕಷ್ಟವಲ್ಲ ಎನ್ನುತ್ತಾರೆ. ನಾಯಿಯಂತೆ ವಾಕಿಂಗ್ ಬೇಡ, ಬೊಗಳುವುದಿಲ್ಲ, ದಿನಕ್ಕೆ ಮೂರು ಹೊತ್ತು ಊಟ ಕೇಳುವುದಿಲ್ಲ. ಮಾತು ನಿಜ. ಆದರೆ ಹಾವು ಕೇಳುವ ಸ್ವಲ್ಪವೇ ಸಂಗತಿಗಳಲ್ಲಿ ಯಾವುದನ್ನೂ ತಪ್ಪಿಸುವಂತಿಲ್ಲ.

ಮೊದಲನೆಯದು ಬಿಸಿ. ನಮ್ಮ ದೇಹ ಉಂಡ ಅನ್ನದಿಂದ ತನ್ನ ಕಾವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಹಾವಿಗೆ ಆ ಶಕ್ತಿಯಿಲ್ಲ. ಬಿಸಿ ಬೇಕೆಂದಾಗ ಬಿಸಿಲಿಗೆ ಹೋಗುತ್ತದೆ, ಸಾಕೆನಿಸಿದಾಗ ಕಲ್ಲಿನಡಿಗೆ ಸರಿಯುತ್ತದೆ. ಆದ್ದರಿಂದ ಅದರ ಗಾಜಿನ ಪೆಟ್ಟಿಗೆಯ ಒಂದು ತುದಿಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿಯಲ್ಲಿ 23ರ ಆಸುಪಾಸು ಇರಬೇಕು. ನಡುವೆ ಎಲ್ಲಿ ಮಲಗಬೇಕೆಂದು ಹಾವೇ ತೀರ್ಮಾನಿಸುತ್ತದೆ. ಇಡೀ ಪೆಟ್ಟಿಗೆ ತಣ್ಣಗಿದ್ದರೆ ನುಂಗಿದ ಇಲಿ ಜೀರ್ಣವಾಗದೆ ಹಾವು ಅದನ್ನು ಕಕ್ಕಿಬಿಡುತ್ತದೆ. ಬಿಸಿ ಹೆಚ್ಚಾಗಿ, ತಪ್ಪಿಸಿಕೊಳ್ಳಲು ತಂಪು ಜಾಗವೇ ಇಲ್ಲದಿದ್ದರೆ ಸಾಯುತ್ತದೆ. ಬಿಸಿಯ ಹಾಸಿಗೆ ಥರ್ಮೋಸ್ಟಾಟ್ ಇಲ್ಲದೆ ಉರಿಯುತ್ತಿದ್ದರೆ ಮೇಲೆ ಮಲಗಿದ ಹಾವಿನ ಹೊಟ್ಟೆ ಸುಟ್ಟುಹೋಗುವುದೂ ಉಂಟು. ಅಡಗಿಕೊಳ್ಳಲು ಎರಡು ಗೂಡು ಬೇಕು: ಬಿಸಿ ತುದಿಗೊಂದು, ತಂಪು ತುದಿಗೊಂದು. ಒಂದೇ ಗೂಡಿಟ್ಟರೆ ಬೆಚ್ಚಗಿರಬೇಕೋ ಅಡಗಿರಬೇಕೋ ಎಂಬ ಸಂಕಟದಲ್ಲಿ ಹಾವು ಅಡಗಿರುವುದನ್ನೇ ಆಯ್ದುಕೊಂಡು ಸೊರಗುತ್ತದೆ. ಇನ್ನು ಮುಚ್ಚಳಕ್ಕೆ ಭದ್ರವಾದ ಚಿಲಕ ಇರಲೇಬೇಕು. ಪೆನ್ಸಿಲಿನಷ್ಟು ದಪ್ಪದ ಪ್ರಾಣಿಗೆ ಪೆನ್ಸಿಲ್ ತೂರುವ ಸಂದು ಸಾಕು.

ಎರಡನೆಯದು ಊಟ. ಇಲ್ಲಿಯೇ ಬಹಳ ಮನೆಗಳಲ್ಲಿ ಮಾತುಕತೆ ಮುರಿದುಬೀಳುತ್ತದೆ. ಹಾವಿಗೆ ಅನ್ನ, ಹಾಲು, ಮೊಟ್ಟೆಯ ಪಲ್ಯ ನಡೆಯದು. ನಾಗರಪಂಚಮಿಗೆ ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡಿದಿದ್ದರೆ ಅದು ಭಕ್ತಿಯಿಂದಲೂ ಅಲ್ಲ, ರುಚಿಯಿಂದಲೂ ಅಲ್ಲ. ದಿನಗಟ್ಟಲೆ ನೀರು ಕಾಣದ ಬಾಯಾರಿಕೆಯಿಂದ. ಜೋಳದ ಹಾವಿನ ಮರಿಗೆ ವಾರಕ್ಕೊಂದು ಪುಟಾಣಿ ಇಲಿಮರಿ, ದೊಡ್ಡದಕ್ಕೆ ಹತ್ತು ಹದಿನೈದು ದಿನಕ್ಕೊಂದು ಇಲಿ, ಅದೂ ಇಡಿಯಾಗಿ. ಮೂಳೆಯಿಂದ ಸುಣ್ಣ, ಈಲಿಯಿಂದ ಜೀವಸತ್ವ, ಎಲ್ಲವೂ ಆ ಒಂದೇ ತುತ್ತಿನಲ್ಲಿ ಸಿಗಬೇಕು. ಅಲ್ಲಿನ ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಇಲಿಗಳನ್ನು ಪ್ಯಾಕೆಟಿನಲ್ಲಿ ಮಾರುತ್ತಾರೆ. ಮನೆಗೆ ತಂದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿಟ್ಟು, ಬೇಕಾದಾಗ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದು ಕೊಡಬೇಕು. ಐಸ್‌ಕ್ರೀಮಿನ ಪಕ್ಕದಲ್ಲಿ ಇಲಿ! ಜೀವಂತ ಇಲಿಯನ್ನು ಬಿಡುವುದು ಕ್ರೌರ್ಯ ಮಾತ್ರವಲ್ಲ, ಅಪಾಯ ಕೂಡ: ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಗಾಯಗೊಳಿಸುತ್ತದೆ. ಉಂಡ ಮೇಲೆ ಎರಡು ದಿನ ಹಾವನ್ನು ಮುಟ್ಟುವಂತಿಲ್ಲ. ಪೊರೆ ಕಳಚುವ ಮುಂಚೆ ಕಣ್ಣು ನೀಲಿ ಮಂಜಿನಂತಾಗುತ್ತದೆ, ಆಗಲೂ ಮುಟ್ಟುವಂತಿಲ್ಲ. ಸರಿಯಾಗಿ ಕಾಣದೆ ಅದು ಗಾಬರಿಯಲ್ಲಿರುತ್ತದೆ.

ಹಾಗಾದರೆ ಮಗು ಮಾಡುವುದೇನು? ಹೆಚ್ಚಿನ ಹೊತ್ತು ನೋಡುವುದು. ಹಾವು ಹೆಸರು ಹಿಡಿದು ಕರೆದರೆ ಬರುವುದಿಲ್ಲ. ಕೈಯಲ್ಲಿ ಶಾಂತವಾಗಿ ಹರಿದಾಡಿದರೆ ಅದನ್ನು ಪ್ರೀತಿ ಎನ್ನುವುದಕ್ಕಿಂತ 'ಇದರಿಂದ ನನಗೆ ತೊಂದರೆಯಿಲ್ಲ' ಎಂಬ ರೂಢಿ ಎನ್ನುವುದು ಸರಿ. ಮುದ್ದು ಬೇಕಾದ ಮಗುವಿಗೆ ಹಾವು ಸಲ್ಲದು. ಕುತೂಹಲವಿರುವ ಮಗು ಒಂದು ನೋಟ್‌ಬುಕ್ ಇಟ್ಟು, ಯಾವ ದಿನ ಉಂಡಿತು, ಎಷ್ಟು ತೂಗಿತು, ಎಂದು ಪೊರೆ ಬಿಟ್ಟಿತು ಎಂದು ಬರೆದುಕೊಳ್ಳುತ್ತದೆ. ತಾಳ್ಮೆಯಿದ್ದವರಿಗೆ ಈ ಹಾವು ಪಾಠಶಾಲೆಯೇ ಸರಿ. ಕಪ್ಪು ಬಣ್ಣವೇ ಇಲ್ಲದ ಕೆಂಪು-ಕಿತ್ತಳೆಯ ಜೋಳದ ಹಾವುಗಳನ್ನು ಮಾಮೂಲಿ ಹಾವಿನೊಡನೆ ಕೂಡಿಸಿದರೆ ಮರಿಗಳೆಲ್ಲ ಮಾಮೂಲಿ ಬಣ್ಣದವೇ. ಆ ಮರಿಗಳು ಬೆಳೆದು ತಮ್ಮತಮ್ಮಲ್ಲೇ ಕೂಡಿದರೆ ಸರಾಸರಿ ನಾಲ್ಕರಲ್ಲೊಂದು ಮತ್ತೆ ಕೆಂಪು. ಹತ್ತನೇ ತರಗತಿಯ ಪುಸ್ತಕದ ಮೆಂಡೆಲನ ಬಟಾಣಿ ಗಿಡಗಳ ಲೆಕ್ಕವೇ ಹಾವಿನ ಮೈಮೇಲೆ ಬರೆದಿರುತ್ತದೆ. ಮುಟ್ಟಿದ ಮೇಲೆ ಮಾತ್ರ ಸೋಪು ಹಾಕಿ ಕೈ ತೊಳೆಯಲೇಬೇಕು. ಆರೋಗ್ಯವಾಗಿರುವ ಹಾವಿನ ಹೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಹಾವು, ಹಲ್ಲಿ, ಆಮೆ ಬೇಡ ಎಂಬುದು ಅಮೆರಿಕದ ಆರೋಗ್ಯ ಇಲಾಖೆಯ ಎಚ್ಚರಿಕೆ.

ತಂದೆತಾಯಿ ಕೇಳಬೇಕಾದ ಮುಖ್ಯ ಪ್ರಶ್ನೆ ಇನ್ನೊಂದಿದೆ: ಎಷ್ಟು ವರ್ಷ? ಜೋಳದ ಹಾವು ಚೆನ್ನಾಗಿ ನೋಡಿಕೊಂಡರೆ 15-20 ವರ್ಷ ಬಾಳುತ್ತದೆ. ನಾಲ್ಕನೇ ತರಗತಿಯಲ್ಲಿ ತಂದ ಹಾವು ಮಗಳ ಮದುವೆಗೂ ಹಾಜರಿರುತ್ತದೆ! ಮುಟ್ಟಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಆಫ್ರಿಕಾದ ಸಣ್ಣ ಹೆಬ್ಬಾವೊಂದನ್ನು 1961ರಲ್ಲಿ ಅದರ ಒಡೆಯ ಅಮೆರಿಕದ ಸೇಂಟ್ ಲೂಯಿ ಮೃಗಾಲಯಕ್ಕೆ ಕೊಟ್ಟುಬಿಟ್ಟ. 2020ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಹದಿನೈದು ವರ್ಷಕ್ಕೂ ಮಿಕ್ಕಿ ಗಂಡಿನ ಸಹವಾಸವೇ ಇಲ್ಲದೆ ಆ ಹೆಣ್ಣು ಹಾವು ಏಳು ಮೊಟ್ಟೆಯಿಟ್ಟು ಸುದ್ದಿಯಾಯಿತು. ಹೀಗೆ ಒಪ್ಪಿಸಲು ಮೃಗಾಲಯ ಸಿಗದವರು, ಅಥವಾ ಹುಡುಕದವರು, ಕಾಡಿಗೆ ಬಿಟ್ಟುಬಿಡುತ್ತಾರೆ. ಮರಿಯಾಗಿದ್ದಾಗ ಕೊಂಡ ಬರ್ಮಾ ಹೆಬ್ಬಾವುಗಳು ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ನೆಲೆಯೂರಿ ಅಲ್ಲಿನ ಮೊಲ, ರಕೂನುಗಳನ್ನು ಬರಿದು ಮಾಡಿದ್ದು ಹೀಗೆಯೇ. 2012ರಲ್ಲಿ ಅಮೆರಿಕ ಅವುಗಳ ಆಮದನ್ನು ನಿಷೇಧಿಸುವ ಹೊತ್ತಿಗೆ ತಡವಾಗಿತ್ತು.

ಇನ್ನು ನಮ್ಮ ಹಿತ್ತಿಲಿಗೆ ಬರೋಣ. ಅಂಗಡಿಯ ಹಾವು ಬೇಡ, ಬೇಲಿಯಲ್ಲಿ ಸಿಕ್ಕ ಮರಿಯನ್ನೇ ಡಬ್ಬದಲ್ಲಿ ಇಟ್ಟುಕೊಂಡರೆ? ಕಾನೂನು ಬೇಡವೆನ್ನುತ್ತದೆ. ನಮ್ಮ ನಾಡಿನ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿಯುವುದು, ಮನೆಯಲ್ಲಿಡುವುದು, ಮಾರುವುದು ಅಪರಾಧ. ಪಂಜರದ ಗಿಳಿಗೂ ಇದೇ ಮಾತು, ಬಹಳ ಮನೆಗಳಿಗೆ ಇದು ತಿಳಿದಿಲ್ಲ. ಅದೃಷ್ಟ ತರುತ್ತದೆಂಬ ನಂಬಿಕೆಯಿಂದ ಮಣ್ಣುಮುಕ್ಕ ಹಾವನ್ನು ಕೊಳ್ಳಲು ಹೋಗಿ ಪೊಲೀಸರ ಕೈಗೆ ಸಿಕ್ಕವರ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಚೆಂಡು ಹೆಬ್ಬಾವಿನಂಥ, ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂದು 2022ರ ತಿದ್ದುಪಡಿ ಮತ್ತು 2024ರ ನಿಯಮಗಳು ಹೇಳುತ್ತವೆ.

ಕಾನೂನಿಗಿಂತ ದೊಡ್ಡ ಕಾರಣ ಜೀವದ್ದು. ಸಣ್ಣದು ಎಂದರೆ ಸಾಧು ಎಂಬ ಲೆಕ್ಕ ಹಾವಿನ ವಿಷಯದಲ್ಲಿ ನಡೆಯುವುದಿಲ್ಲ. ಗರಗಸ ಮಂಡಲ ಬೆಳೆದರೂ ಗೇಣೆರಡು ಗೇಣು; ವಿಷದಲ್ಲಿ ಯಾರಿಗೂ ಕಡಿಮೆಯಿಲ್ಲ. ಕೊಳಕುಮಂಡಲದ ಮರಿಗೆ ಹುಟ್ಟುತ್ತಲೇ ವಿಷವಿರುತ್ತದೆ, ಅದನ್ನು ಹೆಬ್ಬಾವಿನ ಮರಿಯೆಂದು ಎತ್ತಿಕೊಂಡವರಿದ್ದಾರೆ. ಮನೆಯ ಗೋಡೆ ಹತ್ತುವ ವಿಷವಿಲ್ಲದ ತೋಳಹಾವಿಗೂ, ನೆಲದಲ್ಲಿ ಮಲಗಿದವರನ್ನು ರಾತ್ರಿ ನೋವೇ ಗೊತ್ತಾಗದಂತೆ ಕಚ್ಚುವ ಕಟ್ಟುಹಾವಿಗೂ ಮೈಮೇಲೆ ಒಂದೇ ಬಗೆಯ ಪಟ್ಟೆಗಳು. ತೋಳಹಾವಿನ ಪಟ್ಟೆ ಕತ್ತಿನ ಕಡೆ ಸ್ಪಷ್ಟವಾಗಿ ಬಾಲದ ಕಡೆ ಮಾಸುತ್ತದೆ, ಕಟ್ಟುಹಾವಿನದು ಸಾಮಾನ್ಯವಾಗಿ ಇದರ ತಿರುವುಮುರುವು ಎಂದು ಪುಸ್ತಕದಲ್ಲಿ ಓದಬಹುದು. ಟಾರ್ಚಿನ ಬೆಳಕಿನಲ್ಲಿ, ಹರಿಯುವ ಹಾವಿನ ಮೇಲೆ ಅದನ್ನು ಪರೀಕ್ಷಿಸುವುದು ಹುಡುಗಾಟವಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ, ವರ್ಷಕ್ಕೆ 58 ಸಾವಿರದಷ್ಟು. ಕಚ್ಚಿದರೆ ಮಂತ್ರ, ಬಳ್ಳಿ, ಬ್ಲೇಡು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ನೇರ ಆಸ್ಪತ್ರೆಗೆ.

ಹೀಗೆಲ್ಲ ಹೇಳಿದ ಮೇಲೂ ಮಗಳ ಮುಖ ಸಣ್ಣದಾದರೆ, ಅವಳಿಗೆ ತೋರಿಸಲು ಒಂದು ಹಾವಿದೆ. ಬಹುಶಃ ಅದು ಈಗಾಗಲೇ ಮನೆಯಲ್ಲೇ, ತುಳಸಿಯ ಕುಂಡದಲ್ಲೋ ಗುಲಾಬಿಯ ಕುಂಡದಲ್ಲೋ ಇದೆ. ಗೇಣು ತುಂಬದ, ಎರೆಹುಳದಂತೆ ಕಾಣುವ ಕುರುಡುಹಾವು ಅದು. ಎರೆಹುಳದ ಮೈ ಉಂಗುರ ಉಂಗುರ, ಲೋಳೆ. ಇದರ ಮೈ ಒಣಗಿ ಹೊಳೆಯುತ್ತದೆ, ಸೂಜಿಯ ಮೊನೆಯಂಥ ನಾಲಿಗೆ ಆಡುತ್ತಿರುತ್ತದೆ. ಕಣ್ಣೆಂದರೆ ಹುರುಪೆಯಡಿಯ ಎರಡು ಚುಕ್ಕೆ; ಬೆಳಕು ಕತ್ತಲೆ ತಿಳಿದರೆ ಹೆಚ್ಚು. ಬಾಲದ ತುದಿಯ ಪುಟ್ಟ ಮುಳ್ಳಿನಿಂದ ಚುಚ್ಚಿದಂತಾದರೂ ಅದರಲ್ಲಿ ವಿಷವಿಲ್ಲ. ಇರುವೆ, ಗೆದ್ದಲುಗಳ ಮೊಟ್ಟೆಮರಿಗಳೇ ಆಹಾರ. ಇದರಲ್ಲಿ ಗಂಡೇ ಇಲ್ಲ: ಎಲ್ಲವೂ ಹೆಣ್ಣು, ಗಂಡಿನ ಹಂಗಿಲ್ಲದೆ ಮೊಟ್ಟೆಯಿಟ್ಟು ತಮ್ಮಂಥದೇ ಮರಿಗಳನ್ನು ಪಡೆಯುತ್ತವೆ. ಹಾಗಾಗಿ ಕುಂಡದ ಮಣ್ಣಿನಲ್ಲಿ ಒಂದೇ ಒಂದು ಹಾವು ಸೇರಿ ಹಡಗು ಹತ್ತಿದರೂ ಸಾಕು, ಹೊಸ ದೇಶದಲ್ಲಿ ಸಂಸಾರ ಶುರು. ಹವಾಯಿ, ಫ್ಲಾರಿಡಾ, ಆಸ್ಟ್ರೇಲಿಯಾ ಎಲ್ಲ ಕಡೆ ಹೀಗೆಯೇ ಹಬ್ಬಿ 'ಹೂಕುಂಡದ ಹಾವು' ಎಂದೇ ಹೆಸರಾಗಿದೆ.

ಇದಕ್ಕೆ ಗಾಜಿನ ಪೆಟ್ಟಿಗೆ ಬೇಡ, ಫ್ರಿಜ್ಜಿನಲ್ಲಿ ಜಾಗ ಬೇಡ. ಹಿಡಿದಿಡುವುದಂತೂ ಬೇಡವೇ ಬೇಡ. ಮಳೆಗಾಲದ ಮುಂಚೆ ಕುಂಡದ ಮಣ್ಣು ಬದಲಿಸುವಾಗ ಅಮ್ಮನ ಜೊತೆ ಮಗಳೂ ಕೂರಲಿ. ಬರಿಗೈ ಹಾಕದೆ ಕರಣೆಯಿಂದ ಮಣ್ಣನ್ನು ಮೆಲ್ಲಗೆ ಸಡಿಲಿಸಿ, ಕಂಡರೆ ಎರಡು ನಿಮಿಷ ನೋಡಿ, ತಾರೀಖು ಬರೆದುಕೊಂಡು, ಅದೇ ಒದ್ದೆ ಮಣ್ಣನ್ನು ಮೇಲೆ ಎಳೆದರಾಯಿತು. ಬಿಸಿಲು ತಾಗಿದ ಹಾವು ಅಷ್ಟರಲ್ಲಿ ತಾನೇ ಒಳಗೆ ತೂರಲು ದಾರಿ ಹುಡುಕುತ್ತಿರುತ್ತದೆ.