ನಿಸರ್ಗ ಚಿಕಿತ್ಸೆ ಓದಿಸುವ ಮುನ್ನ

ಪಿ.ಯು.ಸಿ. ಫಲಿತಾಂಶ ಬಂದೊಡನೆ ನವಲಗುಂದ, ಕುಂದಗೋಳ, ಕಲಘಟಗಿ ಕಡೆಯ ಪಾಲಕರು ಕೇಳುವುದುಂಟು: 'ಎಂ.ಬಿ.ಬಿ.ಎಸ್. ಸೀಟು ಸಿಗಲಿಲ್ಲ, ಮಗಳಿಗೆ ನಿಸರ್ಗ ಚಿಕಿತ್ಸೆ ಓದಿಸಬಹುದೇ?'

ಅವಶ್ಯವಾಗಿ ಓದಿಸಬಹುದು. ಆದರೆ ಕೋರ್ಸು ಯಾವುದೆಂದು ಮೊದಲು ನೋಡಬೇಕು.

ಈ ಪದ್ಧತಿಯ ವೈದ್ಯ ಪದವಿ ಬಿ.ಎನ್.ವೈ.ಎಸ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ ಪ್ರವೇಶ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅಂಗರಚನಾಶಾಸ್ತ್ರ, ರೋಗಶಾಸ್ತ್ರಗಳ ಜೊತೆಗೆ ಪಥ್ಯಾಹಾರ, ಉಪವಾಸ, ಜಲಚಿಕಿತ್ಸೆ, ಮಣ್ಣಿನ ಚಿಕಿತ್ಸೆ, ಯೋಗ ಕಲಿಸುತ್ತಾರೆ. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1989ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ಸರ್ಕಾರಿ ಕಾಲೇಜಿದೆ. ಮುಂದೆ ಮೂರು ವರ್ಷದ ಎಂ.ಡಿ. ಕೂಡ ಇದೆ.

ಆರು ತಿಂಗಳ ಸರ್ಟಿಫಿಕೇಟು, ಅಂಚೆಯಲ್ಲಿ ಬರುವ ಡಿಪ್ಲೊಮಾ ಇದಕ್ಕೆ ಸಮನಲ್ಲ. ಅವುಗಳ ಬಲದ ಮೇಲೆ 'ಡಾಕ್ಟರ್' ಬೋರ್ಡು ಹಾಕುವಂತಿಲ್ಲ. ಶುಲ್ಕ ಕಟ್ಟುವ ಮುನ್ನ ಕಾಲೇಜು ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಪಡೆದಿದೆಯೇ, ಒಳರೋಗಿಗಳಿರುವ ಆಸ್ಪತ್ರೆ ಹೊಂದಿದೆಯೇ ಎಂದು ವಿಚಾರಿಸಿರಿ.

ಸರ್ಕಾರಿ ಹುದ್ದೆಗಳು ಕಡಿಮೆ. ಹೆಚ್ಚಿನವರಿಗೆ ಖಾಸಗಿ ನಿಸರ್ಗ ಚಿಕಿತ್ಸಾಲಯಗಳೇ ಆಸರೆ. ಬೊಜ್ಜು, ಮೊಣಕಾಲು ನೋವು, ರಕ್ತದೊತ್ತಡ ಇರುವವರಿಗೆ ಪಥ್ಯ, ವ್ಯಾಯಾಮಗಳಿಂದ ನೆರವಾಗಬಹುದು. ಆದರೆ ಎದೆನೋವು, ಹಾವು ಕಡಿತಕ್ಕೆ ಮಣ್ಣಿನ ಪಟ್ಟಿ ಮದ್ದಲ್ಲ. ಇನ್ಸುಲಿನ್ ನಿಲ್ಲಿಸಿ ಉಪವಾಸ ಮಾಡಿಸುವುದು ಪ್ರಾಣಕ್ಕೇ ಅಪಾಯ. ಯಾವ ರೋಗಿಯನ್ನು ತಡಮಾಡದೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಕಳಿಸಬೇಕೆಂಬ ತಿಳಿವಳಿಕೆ ಬರುವುದು ಪೂರ್ಣ ಓದಿನಿಂದಲೇ.