ಭೂಮಣ್ಣಿ ಬುಟ್ಟಿ

ಮನೆಯೊಳಗಣ ವಸ್ತುವಿನ ಬೆಲೆ ಮನೆಯವರಿಗಿಂತ ಮೊದಲು ದಾರಿಹೋಕರಿಗೆ ಹೊಳೆಯುವುದುಂಟು. ಈ ಮಾತು ನನ್ನ ಅನುಭವಕ್ಕೆ ಬಂದುದು ಸಾಗರದಿಂದ ಶಿವಮೊಗ್ಗೆಗೆ ಬರುವ ಬಸ್ಸಿನಲ್ಲಿ.

ಕಾಲೇಜಿನ ಜಾನಪದ ಪ್ರದರ್ಶನಕ್ಕೆಂದು ಅಜ್ಜಿಯ ಭೂಮಣ್ಣಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಪಕ್ಕದಲ್ಲಿದ್ದ ಬಯಲುಸೀಮೆಯ ಹಿರಿಯರೊಬ್ಬರು ಬಹಳ ಹೊತ್ತು ಅದನ್ನೇ ನೋಡಿ, "ಏನ್ ತಮ್ಮಾ, ಈ ಗೆರೆಗೆಲ್ಲ ಏನಾದರೂ ಅರ್ಥ ಐತೇನು?" ಎಂದು ಕೇಳಿದರು. "ಏನೋ ಹಳೇ ಪದ್ಧತಿ" ಎಂದುಬಿಟ್ಟೆ. ಅವರು ಸುಮ್ಮನಾದರು. ನನಗೆ ಮಾತ್ರ ಆಯನೂರು ದಾಟಿದರೂ ನಾಚಿಕೆ ಬಿಡಲಿಲ್ಲ. ಅರ್ಥ ನನಗೇ ತಿಳಿದಿರಲಿಲ್ಲ.

ಮುಂದಿನ ವಾರ ಊರಿಗೆ ಹೋದವನೇ ಅಜ್ಜಿಯ ಮುಂದೆ ಕುಳಿತೆ. "ಗಂಡು ಹುಡುಗನಿಗೆ ಇದೆಲ್ಲ ಯಾಕೋ?" ಎಂದು ನಕ್ಕಳು, ಆಮೇಲೆ ಹೇಳತೊಡಗಿದಳು.

ಆಶ್ವಯುಜ ಮಾಸದ ಹುಣ್ಣಿಮೆಯೇ ಭೂಮಿ ಹುಣ್ಣಿಮೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆಗಟ್ಟಿರುತ್ತದೆ. ಎಂದರೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆಯ ಊಟ ಬಡಿಸುವಂತೆ ಅವಳಿಗೂ ಬಡಿಸಬೇಕು. ನಮ್ಮ ದೀವರ ಮನೆಗಳಲ್ಲಿ ಹೆಂಗಸರು ರಾತ್ರಿಯೆಲ್ಲ ಎಚ್ಚರವಿದ್ದು ಅಡಿಗೆ ಮಾಡುತ್ತಾರೆ. ಬೆಳಗಿನ ಜಾವ ಅದನ್ನು ಗದ್ದೆಗೆ ಹೊತ್ತೊಯ್ದು ಪೂಜಿಸಿ, ಸೊಪ್ಪು ಬೆರೆಸಿದ ಅನ್ನವನ್ನು ಪೈರಿನ ಮೇಲೆ ಬೀರುತ್ತಾರೆ. ಆ ಊಟವನ್ನು ಹೊರುವುದೇ ಈ ಬುಟ್ಟಿ.

ಬುಟ್ಟಿಗೆ ಮೊದಲು ಸಗಣಿ ಸಾರಿಸಿ ಒಣಗಿಸಿ, ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ನೆನೆಸಿದ ಅಕ್ಕಿಯನ್ನು ಅರೆದರೆ ಬಿಳಿ ಬಣ್ಣ; ಅದೇ ಅಕ್ಕಿಯನ್ನು ಕಪ್ಪಾಗುವವರೆಗೆ ಹುರಿದು ಅರೆದರೆ ಕಪ್ಪು; ಗುರಿಗೆ ಕಾಯಿಯಿಂದ ಹಳದಿ. ಪುಂಡಿಯ ನಾರೇ ಕುಂಚ. ಅಳತೆಗೋಲು ಇಲ್ಲವೇ ಇಲ್ಲ. ಭತ್ತದ ಸಸಿ, ಸೂರ್ಯ ಚಂದ್ರ, ಹೆಣೆದಂತೆ ಕಾಣುವ ಜೋಗಿ ಜಡೆ, ಎಲ್ಲವೂ ಗೆರೆಯಲ್ಲೇ ಮೂಡಬೇಕು. ಮದುವೆಯ ಹಸೆಗೋಡೆಗೆ ಬರೆಯುವುದೂ ಇದೇ ಚಿತ್ತಾರ. ನಮ್ಮಲ್ಲಿ ಇದನ್ನು 'ಬಿಡಿಸುವುದು' ಎನ್ನುವುದಿಲ್ಲ, 'ಬರೆಯುವುದು' ಎನ್ನುತ್ತಾರೆ. ಓದು ಬಾರದ ಅಜ್ಜಿಯ ಬರವಣಿಗೆ ಇದು.

ಅಜ್ಜಿಯ ತವರು ಶರಾವತಿಯ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಗಿ ಹಿನ್ನೀರು ಏರಿದ ಕಾಲಕ್ಕೆ ಆ ಊರೂ ಮುಳುಗಿತು. ಆಗ ಅವಳಿಗೆ 10 ವರ್ಷ. ಹೊರಡುವಾಗ ಅವಳ ತಾಯಿ ಬಾಗಿಲು, ತೊಲೆ, ಹೆಂಚುಗಳನ್ನೆಲ್ಲ ಬಿಚ್ಚಿಸಿ ಗಾಡಿಗೆ ಹಾಕಿಸಿದಳಂತೆ. "ಗೋಡೆ ಬಿಚ್ಚೋಕೆ ಆಗಲಿಲ್ಲ ನೋಡು" ಎಂದಳು ಅಜ್ಜಿ. ಹಸೆಗೋಡೆ ನೀರಿನಡಿಯಲ್ಲೇ ಉಳಿಯಿತು. ಅದರ ಮೇಲಿದ್ದ ಜೋಗಿ ಜಡೆ ಮಾತ್ರ ತಾಯಿಯ ಬೆರಳಿನಲ್ಲಿ ಹೊಸ ಊರಿಗೆ ಬಂದಿತು. ಆಕೆಯಿಂದ ಅಜ್ಜಿಯ ಬೆರಳಿಗೆ ಇಳಿಯಿತು.

ಅಲ್ಲಿಂದ ಮುಂದೆ? ನಮ್ಮ ಮನೆಯ ಗೋಡೆ ಈಗ ಸಿಮೆಂಟಿನದು. ಅಮ್ಮನಿಗೆ ತೋಟದ ಕೆಲಸದಲ್ಲಿ ಬಿಡುವಿಲ್ಲ. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ. ಹೋದ ಹುಣ್ಣಿಮೆಗೆ ಬರೆಯುವಾಗ ಅವಳು ಗೆರೆಯನ್ನು ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದಲೇ ಹುಡುಕುತ್ತಿದ್ದಳು. ಕೊನೆಗೆ ನಾರನ್ನು ನನ್ನ ಕೈಗೆ ಕೊಟ್ಟಳು. ನಾನು ಎಳೆದ ಗೆರೆ ಮೂರು ಕಡೆ ಸೊಟ್ಟಗಾಯಿತು. "ಭೂಮಿತಾಯಿ ಬೈಯೋದಿಲ್ಲ, ಬರಿ" ಎಂದಳು.

ಬಸ್ಸಿನ ಆ ಹಿರಿಯರ ಹೆಸರನ್ನು ನಾನು ಕೇಳಿಕೊಳ್ಳಲಿಲ್ಲ. ಮತ್ತೆಂದಾದರೂ ಸಿಕ್ಕರೆ ಅರ್ಧ ಉತ್ತರವನ್ನಾದರೂ ಕೊಡಬಲ್ಲೆ. ವಾಚಕಮಿತ್ರರೂ ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರ ಬಳಿ ಕುಳಿತು ಇಂಥದೊಂದು ಪ್ರಶ್ನೆಯನ್ನು ಕೇಳಿನೋಡಲಿ.